ಕಲಬುರಗಿಯ ಬಿಸಿಲಿಗೆ ಒಗ್ಗುವ ಬಿಳಿ ಬೇಸ್ ಗಿಟಾರ್ ಯಾವುದು?

ಹಳೆಯ ಮಾದರಿಯ ಬೇಸ್ ಗಿಟಾರನ್ನು ಬಿಳಿ ಬಣ್ಣದಲ್ಲೇ ಕೊಳ್ಳಬೇಕೆಂದು ಹೊರಟವರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ತಿಳಿಸುತ್ತೇನೆ: ಆಮೆಚಿಪ್ಪಿನ ಬಣ್ಣದ ಪಿಕ್‌ಗಾರ್ಡ್ (ತಂತಿಗಳ ಕೆಳಗೆ ಬಾಡಿಗೆ ಗೀರು ಬೀಳದಂತೆ ಕೂರಿಸುವ ಹಲಗೆ) ಇರುವ, ಹೊಳಪಿನ ಪಾಲಿಯುರಿಥೇನ್ ಲೇಪದ ಕೆನೆಬಿಳಿಯನ್ನೇ ಕೊಳ್ಳಿರಿ. ನಾನು ಈಗ ನುಡಿಸುತ್ತಿರುವುದು ಅದನ್ನೇ. ಅದಕ್ಕೂ ಮುಂಚೆ ಮ್ಯಾಟ್, ಅಂದರೆ ಹೊಳಪಿಲ್ಲದ ಲೇಪದ ಅಚ್ಚಬಿಳಿ ಬೇಸ್ ನನ್ನ ಬಳಿ ಇತ್ತು. ಹೈದರಾಬಾದಿನ ಗೆಳೆಯರೊಬ್ಬರ ನೈಟ್ರೋಸೆಲ್ಯುಲೋಸ್ ಲ್ಯಾಕರಿನ (ಹಳೆಯ ಕಾಲದ ತೆಳುವಾದ ಲೇಪದ) ಬಿಳಿ ಬೇಸನ್ನೂ ಒಂದು ಮದುವೆ ಹಂಗಾಮಿನುದ್ದಕ್ಕೂ ನುಡಿಸಿದ್ದೇನೆ. ಮೂರೂ ಪ್ರಿಸಿಷನ್ ಎಂಬ ಒಂದೇ ಬೇಸ್ ಮಾದರಿಯವೇ ಆದ್ದರಿಂದ ನಾದದ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ.

ಬಿಳಿಯೇ ಏಕೆ ಎಂಬುದಕ್ಕೆ ಸ್ವಲ್ಪ ಇತಿಹಾಸ ಬೇಕು. 1951ರಲ್ಲಿ ಫೆಂಡರ್ ಕಂಪನಿಯ ಮೊದಲ ಪ್ರಿಸಿಷನ್ ಬೇಸ್ ಬಂದಾಗ ಅದರ ಮೇಲಿದ್ದದ್ದು ಮರದ ಎಳೆ ಕಾಣುವಂಥ ತೆಳುವಾದ ಹೊಂಬಿಳಿ ಬಣ್ಣ. ಮುಂದೆ ಆ ಕಂಪನಿಯವರು ಕಾರುಗಳಿಗೆ ಬಳಿಯುವ ಡ್ಯುಪಾಂಟ್ ಬಣ್ಣಗಳನ್ನು ಗಿಟಾರುಗಳಿಗೂ ಬಳಿದು, ಶೇಕಡಾ 5ರಷ್ಟು ಹೆಚ್ಚು ಬೆಲೆಗೆ ಮಾರತೊಡಗಿದರು. ಒಲಿಂಪಿಕ್ ವೈಟ್ ಆ ಸಾಲಿನದು. ಬಿಳಿಯ ಮೇಲೆ ಹಚ್ಚಿದ ಪಾರದರ್ಶಕ ಲ್ಯಾಕರ್ ಬೆಳಕಿಗೂ ಗಾಳಿಗೂ ವರ್ಷಗಟ್ಟಲೆ ಒಡ್ಡಿಕೊಂಡು ಹಳದಿಗೆ ತಿರುಗಿದ್ದರಿಂದಲೇ ಆ ಕಾಲದ ವಾದ್ಯಗಳು ಇಂದು ಬೆಣ್ಣೆಯ ಬಣ್ಣದಲ್ಲಿ ಕಾಣುತ್ತವೆ. ಇಂದಿನ ಕಾರ್ಖಾನೆಗಳು ಕೊಡುವ ಕೆನೆಬಿಳಿ ಈ ವಯಸ್ಸಾದ ಬಿಳಿಯ ಅನುಕರಣೆ. 1979ರಲ್ಲಿ ನ್ಯೂಯಾರ್ಕಿನ ಪಲ್ಲೇಡಿಯಂ ವೇದಿಕೆಯ ಮೇಲೆ ದಿ ಕ್ಲ್ಯಾಶ್ ಎಂಬ ರಾಕ್ ತಂಡದ ಬೇಸ್ ವಾದಕ ಪಾಲ್ ಸಿಮೊನನ್ ನೆಲಕ್ಕೆ ಅಪ್ಪಳಿಸಿದ ಪ್ರಿಸಿಷನ್ ಸಹ ಬಿಳಿಯದೇ.

ನಮ್ಮ ಕಡೆಯ ಆರ್ಕೆಸ್ಟ್ರಾಗಳಲ್ಲಿ ಬೇಸ್ ಭಾಗವನ್ನು ಕೀಬೋರ್ಡಿನಲ್ಲೇ ಮುಗಿಸುವುದು ರೂಢಿ. ಆದ್ದರಿಂದ ನಿಜವಾದ ಬೇಸ್ ಗಿಟಾರ್ ವೇದಿಕೆಗೆ ಬಂದರೆ ಅದು ಜನರ ಕಣ್ಣಿಗೆ ಬೀಳಬೇಕೆಂಬ ಆಸೆ ನನಗಿದೆ. ಗಣೇಶೋತ್ಸವದ ಪೆಂಡಾಲಿನಲ್ಲಿ ಎಲ್ಇಡಿ ದೀಪಗಳು ನೀಲಿಯಾದರೆ ಬಿಳಿ ಬಾಡಿಯೂ ನೀಲಿಯಾಗುತ್ತದೆ, ಗುಲಾಬಿಯಾದರೆ ಗುಲಾಬಿಯಾಗುತ್ತದೆ. ಅದೇ ಬೆಲೆಗೆ ಸಿಗುವ ಸನ್‌ಬರ್ಸ್ಟ್ (ನಡುವೆ ತಿಳಿಯಾಗಿ ಅಂಚಿನತ್ತ ಕಪ್ಪಾಗುವ ಬಣ್ಣ) ಕೊಳೆಯನ್ನು ಚೆನ್ನಾಗಿ ಮುಚ್ಚುತ್ತದೆ ನಿಜ, ಆದರೆ ಕಡುಬಣ್ಣದ ಅಂಗಿಯ ಮುಂದೆ ದೂರದಿಂದ ಅದು ಕಾಣುವುದೇ ಇಲ್ಲ.

ಇನ್ನು ಮ್ಯಾಟ್ ಅಚ್ಚಬಿಳಿಯ ವಿಷಯ. ಅಂಗಡಿಯಲ್ಲಿ ಅದು ಬಹಳ ಅಂದವಾಗಿ ಕಂಡಿತ್ತು, ಕೈಗೂ ನುಣುಪಾಗಿತ್ತು. ಏಪ್ರಿಲ್ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದ ಮೇಲೆ, ಬಾಡಿಯ ಹಿಂಬದಿಯಲ್ಲಿ, ನಿಂತು ನುಡಿಸುವಾಗ ಸೊಂಟಕ್ಕೆ ತಾಗುವ ಜಾಗದಲ್ಲಿ, ಅರ್ಧಚಂದ್ರಾಕಾರದ ಮಾಸಲು ನೀಲಿ ಕಲೆ ಕಾಣಿಸಿಕೊಂಡಿತು. ಅದು ಜೀನ್ಸ್ ಪ್ಯಾಂಟಿನ ಬಣ್ಣ. ಬೆವರಿನಿಂದ ಒದ್ದೆಯಾದ ಬಟ್ಟೆ ಬಾಡಿಗೆ ಉಜ್ಜುತ್ತಲೇ ಇದ್ದರೆ ನೀಲಿ ಬಿಡುತ್ತದೆ, ಮ್ಯಾಟ್ ಲೇಪದ ಮೇಲ್ಮೈ ಕಣ್ಣಿಗೆ ಕಾಣದಷ್ಟು ತರಿತರಿಯಾಗಿರುವುದರಿಂದ ಆ ಬಣ್ಣ ಅಲ್ಲೇ ಸೇರಿಕೊಂಡು ಕೂರುತ್ತದೆ. ಮುಂಗೈ ಊರುವ ಮೇಲಂಚಿನಲ್ಲಿ ಇದೇ ರೀತಿ ಎರೆಮಣ್ಣಿನ ಧೂಳು ಬೆವರಿನೊಡನೆ ಬೆರೆತು ಬೂದುಬಣ್ಣದ ಪಟ್ಟಿಯಾಯಿತು.

ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಹತ್ತಿ ಬಟ್ಟೆಯನ್ನು ಅದ್ದಿ, ಹಿಂಡಿ ಒರೆಸಿದಾಗ ಬೂದು ಪಟ್ಟಿ ಬಹುಮಟ್ಟಿಗೆ ಹೋಯಿತು, ನೀಲಿ ಹೋಗಲಿಲ್ಲ. ಲೈಟರಿಗೆ ತುಂಬುವ ದ್ರವದಿಂದ ಸ್ವಲ್ಪ ತಿಳಿಯಾಯಿತು. ಬಲವಾಗಿ ಉಜ್ಜಿದಲ್ಲಿ ತರಿ ಸವೆದು ಆ ಭಾಗವಷ್ಟೇ ಹೊಳೆಯತೊಡಗಿತು. ಮ್ಯಾಟ್ ಲೇಪದ ದೊಡ್ಡ ತೊಂದರೆಯೇ ಇದು: ಕಲೆ ತೆಗೆಯಲು ಪಾಲಿಶ್ ಮಾಡುವಂತಿಲ್ಲ, ಮಾಡಿದರೆ ಮ್ಯಾಟ್ ಉಳಿಯುವುದಿಲ್ಲ. ಕೊನೆಗೆ ಮಸುಕಾದ ನೀಲಿಯ ನಡುವೆ ಹೊಳೆಯುವ ಮಚ್ಚೆ ಉಳಿದುಕೊಂಡಿತು, ಮಾರುವಾಗ ಬೆಲೆಯೂ ಅದರಿಂದಲೇ ಇಳಿಯಿತು. ನುಡಿಸಲು ಆ ವಾದ್ಯದಲ್ಲಿ ಯಾವ ಕೊರತೆಯೂ ಇರಲಿಲ್ಲ ಎಂಬುದೇ ನನಗೆ ಹೆಚ್ಚು ನೋವಿನ ಸಂಗತಿ.

ಲ್ಯಾಕರಿನ ಬೇಸ್ ಮೂರರಲ್ಲೂ ಸುಂದರವಾದದ್ದು, ಅದರ ಬಿಳಿಗೆ ಒಳಗಿನಿಂದ ಬೆಳಕು ಬಂದಂತಿರುವ ಆಳವಿದೆ. ಆದರೆ ಅದನ್ನು ರಬ್ಬರ್ ಹಿಡಿಕೆಯ ಸ್ಟ್ಯಾಂಡಿಗೆ ಒರಗಿಸುವಂತಿಲ್ಲ, ಏಕೆಂದರೆ ರಬ್ಬರಿನಲ್ಲಿರುವ ರಾಸಾಯನಿಕ ಲ್ಯಾಕರನ್ನು ಮೆತ್ತಗಾಗಿಸಿ ಗುರುತು ಮೂಡಿಸುತ್ತದೆ. ಹವಾನಿಯಂತ್ರಿತ ಕಲ್ಯಾಣ ಮಂಟಪದಿಂದ ಉರಿಬಿಸಿಲಿಗೆ ಒಯ್ದಾಗ, ಮರ ಮತ್ತು ಲೇಪ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕೂದಲೆಳೆಯಂಥ ಬಿರುಕುಗಳು ಬೀಳುವ ಸಂಭವವೂ ಇದೆ. ಗೆಳೆಯರ ವಾದ್ಯವೆಂಬ ಕಾರಣಕ್ಕೆ ಇಡೀ ಹಂಗಾಮು ನಾನು ಅದನ್ನು ದಪ್ಪ ಟವೆಲಿನಲ್ಲಿ ಸುತ್ತಿಕೊಂಡೇ ಓಡಾಡಿದೆ.

ಕೆನೆಬಿಳಿಯ ಹೊಳಪು ಲೇಪಕ್ಕೆ ಈ ಕಾಟಗಳಿಲ್ಲ. ಜೀನ್ಸಿನ ನೀಲಿ ಇದಕ್ಕೂ ಅಂಟುತ್ತದೆ, ಆದರೆ ಗಟ್ಟಿಯಾದ ನಯ ಮೇಲ್ಮೈಯ ಒಳಕ್ಕೆ ಇಳಿಯಲಾರದು. ಕಾರಿಗೆ ಹಾಕುವ ಪಾಲಿಶನ್ನು ಮೆತ್ತನೆಯ ಬಟ್ಟೆಯಲ್ಲಿ ಹಚ್ಚಿ ತಿಕ್ಕಿದರೆ ಪೂರ್ತಿ ಹೋಗುತ್ತದೆ, ಹೊಳಪೂ ಹೆಚ್ಚುತ್ತದೆ. ಎರೆಮಣ್ಣಿನ ಧೂಳು ಸ್ವಲ್ಪ ಕೂತರೂ ಆ ಹಳದಿಛಾಯೆಯ ಮೇಲೆ ಕೊಳೆಯೆನಿಸುವುದಿಲ್ಲ. ಕೆಂಗಂದು ಪಿಕ್‌ಗಾರ್ಡ್ ಇದರ ಮೇಲೆ ಕೂತ ರೀತಿಯನ್ನು ನೋಡಿದಾಗಲೆಲ್ಲ, ಕಪ್ಪಿನ ಮೇಲೆ ಬೆಳ್ಳಿ ಕೂರಿಸುವ ನಮ್ಮ ಬೀದರಿನ ಬಿದ್ರಿ ಕೆಲಸವನ್ನು ಯಾರೋ ತಿರುವುಮುರುವಾಗಿ ಮಾಡಿದಂತೆ ತೋರುತ್ತದೆ. ಅಚ್ಚಬಿಳಿಯ ಮೇಲೆ ಬಿಳಿ ಪಿಕ್‌ಗಾರ್ಡ್ ಇದ್ದ ನನ್ನ ಹಿಂದಿನ ಬೇಸಿನಲ್ಲಿ ಆ ಎದುರುಬದುರು ಇರಲಿಲ್ಲ. ದೋಷವೆಂದರೆ, ಪೆಟ್ಟು ಬಿದ್ದಾಗ ಈ ದಪ್ಪ ಲೇಪ ಚಕ್ಕೆಯಾಗಿ ಏಳುತ್ತದೆ, ಆಗ ಅದೇ ಛಾಯೆಯ ಬಣ್ಣವನ್ನು ಹೊಂದಿಸುವುದು ಕಷ್ಟ. ಬೆರಳಚ್ಚು ಸಹ ಬೇಗ ಮೂಡುತ್ತದೆ.

ನಾನು ವರ್ಷಪೂರ್ತಿ ಜೀನ್ಸ್ ತೊಟ್ಟೇ ನುಡಿಸುವವನು, ಬ್ಯಾಗನ್ನು ಬೆನ್ನಿಗೇರಿಸಿ ಟಂಟಂನಲ್ಲಿ ಓಡಾಡುವವನು, ವಾದ್ಯಕ್ಕೆ 40 ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಲಾರದವನು. ತಂಪಾದ ಕೋಣೆಯಲ್ಲೇ ಕುಳಿತು ರೆಕಾರ್ಡಿಂಗ್ ಮಾಡುವವರಿಗೆ, ಕೈಯಲ್ಲಿ ಹಣವೂ ಇರುವವರಿಗೆ ಲ್ಯಾಕರನ್ನು ಬೇಡವೆನ್ನಲಾರೆ. ಕೆನೆಬಿಳಿ ಆರಿಸುವವರು ಹಣ ಕೊಡುವ ಮುನ್ನ ಅಂಗಡಿಯವರ ಅನುಮತಿ ಪಡೆದು ಅದನ್ನು ಹಗಲು ಬೆಳಕಿಗೆ ತಂದು ನೋಡಬೇಕು, ಏಕೆಂದರೆ ಬಿಳಿಯ ಟ್ಯೂಬ್‌ಲೈಟಿನಲ್ಲಿ ಅಚ್ಚಬಿಳಿಗೂ ಇದಕ್ಕೂ ವ್ಯತ್ಯಾಸ ತಿಳಿಯದು.