ಮೌಸ್, ರೆಡಿಮೇಡ್ ಗ್ರೂವ್, ರಿದಮ್ ಪ್ಯಾಡ್: ಮನೆ ರೆಕಾರ್ಡಿಂಗಿನ ಡ್ರಮ್ಸಿಗೆ ಯಾವುದು ವಾಸಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರಿದಮ್ ಪ್ಯಾಡಿಗೆ, ಅಂದರೆ ಕೋಲಿನಿಂದ ಬಾರಿಸುವ ಎಲೆಕ್ಟ್ರಾನಿಕ್ ಪ್ಯಾಡಿಗೆ. ಆರ್ಕೆಸ್ಟ್ರಾದ ಗೆಳೆಯರೊಬ್ಬರು ಹೊಸದು ಕೊಂಡಾಗ ಅವರ ಹಳೇ ಪ್ಯಾಡನ್ನು ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಂಡೆ. ಆಮೇಲೆ ನನ್ನ ಹಾಡು ಕೇಳಿದವರು "ಡ್ರಮ್ಸ್ ಯಾರು ಬಾರಿಸಿದ್ದು?" ಅನ್ನುತ್ತಾರೆ. ಮುಂಚೆ "ಯಾವ ಸಾಫ್ಟ್‌ವೇರ್?" ಅನ್ನುತ್ತಿದ್ದರು.

ನನ್ನದು ಬಾಡಿಗೆ ಮನೆ. ಲ್ಯಾಪ್‌ಟಾಪ್, ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್, ಮೈಕ್, ಗಿಟಾರ್ ಸಿಕ್ಕಿಸಲು ಎರಡು ಇನ್‌ಪುಟ್ ಇರುವ ಇಂಟರ್‌ಫೇಸ್, ಅಷ್ಟೇ. ನಿಜವಾದ ಡ್ರಮ್ ಕಿಟ್ ಇಡಲು ಜಾಗವಿಲ್ಲ, ಇದ್ದರೂ ಕೆಳಗಿನ ಮನೆಯವರು ಸುಮ್ನೆ ಇರುವುದಿಲ್ಲ. ಮಾಡುವುದು ಗಿಟಾರ್ ಹಿಡಿದು ಹಾಡುವ ಭಾವಗೀತೆ ಥರದ ಹಾಡುಗಳು. ಮೆಟಲ್ ಮಾಡುವವರ ಲೆಕ್ಕ ಬೇರೆ. ಅಲ್ಲಿ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಏಟುಗಳೆಲ್ಲ ಅಚ್ಚು ಹಾಕಿದ ಹಾಗಿದ್ದರೂ ನಡೆಯುತ್ತದೆ, ಎಷ್ಟೋ ಜನ ಬೇಕಂತಲೇ ಹಾಗೆ ಮಾಡುತ್ತಾರೆ.

ಮೌಸಿನಿಂದ ಶುರು ಮಾಡೋಣ, ಯಾಕೆಂದರೆ ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ. ಖರ್ಚಿಲ್ಲ. ಸಾಫ್ಟ್‌ವೇರಿನ ಪಿಯಾನೋ ರೋಲ್ ಅನ್ನುವ ಚೌಕಳಿಯಲ್ಲಿ ಒಂದೊಂದೇ ನೋಟ್ ಇಡುತ್ತಾ ಹೋಗಬೇಕು. ಮಿಡಿಯಲ್ಲಿ (ಸದ್ದಲ್ಲ, ಯಾವ ನೋಟ್, ಯಾವಾಗ, ಎಷ್ಟು ಜೋರು ಅನ್ನುವ ಮಾಹಿತಿ ಮಾತ್ರ) ಪ್ರತಿ ಏಟಿನ ಬಲಕ್ಕೆ 1ರಿಂದ 127ರ ತನಕ ಒಂದು ಅಂಕಿ ಇರುತ್ತದೆ, ಅದೇ ವೆಲಾಸಿಟಿ. ಎಲ್ಲ ಏಟಿಗೂ 100 ಕೊಟ್ಟರೆ ಮಷಿನ್ ಗನ್ ಸದ್ದು ಬರುತ್ತದೆ. ಅದು ಗೊತ್ತಾದ ಮೇಲೆ ಎಲ್ಲರೂ ಹೋಗುವುದು 'ಹ್ಯೂಮನೈಸ್' ಬಟನ್ ಹತ್ತಿರ. ಅದು ಏಟುಗಳನ್ನು ಸುಮ್ನೆ ಲಾಟರಿ ಎತ್ತಿದ ಹಾಗೆ ಅತ್ತಿತ್ತ ಸರಿಸುತ್ತದೆ. ನನಗೆ ಅದು ಕುಡಿದು ಬಾರಿಸಿದ ಹಾಗೆ ಕೇಳಿಸುತ್ತದೆ.

ಅದಕ್ಕೆ ಕಾರಣವೂ ಇದೆ. ಜರ್ಮನಿಯ ಗಟಿಂಗನ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮನುಷ್ಯರ ತಾಳದಲ್ಲಿ ಆಗುವ ಏರುಪೇರು ಒಂದಕ್ಕೊಂದು ಸಂಬಂಧ ಇಲ್ಲದ್ದಲ್ಲ. ಈಗ ಸ್ವಲ್ಪ ಹಿಂದೆ ಬಿದ್ದರೆ ಅದರ ನೆರಳು ಮುಂದೆ ಎಷ್ಟೋ ಏಟುಗಳ ತನಕ ಇರುತ್ತದೆ. ಅಂಥ ಏರುಪೇರು ಹಾಕಿದ ಸಂಗೀತವನ್ನೇ ಕೇಳುಗರು ಹೆಚ್ಚು ಮೆಚ್ಚಿದರು. ಬಾರಿಸುವವರಿಗೆ ಇದು ಹೇಳದೆಯೂ ಗೊತ್ತು. ಪಲ್ಲವಿಗೆ ಬಂದಾಗ ಕೈ ಸ್ವಲ್ಪ ಮುಂದೆ ಓಡುತ್ತದೆ, ಚರಣದಲ್ಲಿ ಹಿಂದೆ ಕೂರುತ್ತದೆ.

ತಾಳ್ಮೆ ಇದ್ದರೆ ಮೌಸಿನಲ್ಲೂ ಇದನ್ನೆಲ್ಲ ಮಾಡಬಹುದು. ಸ್ನೇರಿನ (ಚುರುಕು ಸದ್ದಿನ ಚಿಕ್ಕ ಡ್ರಮ್) ಮುಖ್ಯ ಏಟಿಗೆ 105ರಿಂದ 118, ನಡುವಿನ ಮೆಲುಏಟುಗಳಿಗೆ 25ರಿಂದ 40 ಕೊಡಿ. ಸ್ನೇರನ್ನು ಒಂದು 10 ಮಿಲಿಸೆಕೆಂಡ್ ಹಿಂದಕ್ಕೆ ತಳ್ಳಿ. 90ರ ಟೆಂಪೋದಲ್ಲಿ ಹದಿನಾರನೇ ನೋಟ್ ಒಂದಕ್ಕೆ ಸುಮಾರು 167 ಮಿಲಿಸೆಕೆಂಡ್, ಅದರಲ್ಲಿ 10 ಕಣ್ಣಿಗೆ ಕಾಣುವುದೇ ಇಲ್ಲ. ಕಿವಿ ಮಾತ್ರ ಬಿಡುವುದಿಲ್ಲ. ಆದರೆ ಇಷ್ಟು ಮಾಡುವ ಹೊತ್ತಿಗೆ ಹಾಡಿನ ಮೇಲೇ ಬೇಜಾರು ಬಂದಿರುತ್ತದೆ.

ಎರಡನೆಯದು ರೆಡಿಮೇಡ್ ಗ್ರೂವ್. ನಿಜವಾದ ಡ್ರಮ್ಮರ್‌ಗಳು ಬಾರಿಸಿದ ಮಿಡಿ ತುಣುಕುಗಳನ್ನು ಎಳೆದು ಹಾಕಿದರೆ ಆಯಿತು. ಇದರ ಬಗ್ಗೆ ಕೆಟ್ಟದ್ದು ಹೇಳುವುದು ಕಷ್ಟ. ಈಝೀಡ್ರಮ್ಮರ್ 3 ಅನ್ನುವ ಡ್ರಮ್ ಸಾಫ್ಟ್‌ವೇರಿನ 'ಬ್ಯಾಂಡ್‌ಮೇಟ್'ಗೆ ನಿಮ್ಮ ಗಿಟಾರ್ ಟ್ರ್ಯಾಕ್ ಕೊಟ್ಟರೆ ಅದಕ್ಕೆ ಒಪ್ಪುವ ಗ್ರೂವ್‌ಗಳನ್ನು ತಾನೇ ಹುಡುಕಿಕೊಡುತ್ತದೆ. ಮ್ಯಾಕ್ ಇದ್ದವರಿಗೆ ಲಾಜಿಕ್‌ನಲ್ಲಿ 2013ರಿಂದಲೇ 'ಡ್ರಮ್ಮರ್' ಇದೆ, ಬಿಟ್ಟಿ ಸಿಗುವ ಗ್ಯಾರೇಜ್‌ಬ್ಯಾಂಡ್‌ನಲ್ಲೂ ಇದೆ. 4/4ರ ಪಾಪ್, ರಾಕ್ ಹಾಡಾದರೆ ಇಲ್ಲಿಗೇ ನಿಲ್ಲಿಸಿ, ಮುಂದೆ ಓದುವುದೂ ಬೇಡ.

ನನ್ನ ತೊಂದರೆ ತಾಳದ್ದು. ನಮ್ಮ ಸುಗಮ ಸಂಗೀತ ಆರು ಮಾತ್ರೆಯ ದಾದ್ರಾ, ಎಂಟು ಮಾತ್ರೆಯ ಕೆಹರ್ವಾ ಮೇಲೆ ನಡೆಯುತ್ತದೆ. 6/8 ಅಂತ ಹುಡುಕಿದರೆ ನನಗೆ ಸಿಗುವುದು ನಿಧಾನ ಬ್ಲೂಸ್. ಲೆಕ್ಕ ಸರಿ, ನಡೆ ಬೇರೆ. ಒಂದು ಹಾಡು ಮಿಶ್ರ ಛಾಪಿನಲ್ಲಿತ್ತು: ತಕಿಟ ತಕದಿಮಿ, ಮೂರು ಮತ್ತು ನಾಲ್ಕು. ಕೈಗೆ ಸಿಕ್ಕ 7/8 ಗ್ರೂವ್‌ಗಳು ಹೆಚ್ಚಾಗಿ ನಾಲ್ಕು ಮತ್ತು ಮೂರು. ತಿರುಗಿಸಿ ಅಂಟಿಸಿದರೆ ಫಿಲ್ (ಸಾಲಿನ ಕೊನೆಗೆ ಬರುವ ತುಂಬು ಬಡಿತ) ಬರುವ ಜಾಗ ತಪ್ಪುತ್ತದೆ. ಪದದ ಮೇಲೆ ಬೀಳಬೇಕಾದ ಏಟು ಉಸಿರಿನ ಮೇಲೆ ಬೀಳುತ್ತದೆ.

ಪುಟ್ಟ ಮಿಡಿ ಕೀಬೋರ್ಡಿನ ರಬ್ಬರ್ ಪ್ಯಾಡ್‌ಗಳಲ್ಲಿ ಬೆರಳಿನಿಂದಲೂ ಬಾರಿಸಿದ್ದೇನೆ. ಟೈಮಿಂಗ್ ಚೆನ್ನಾಗಿ ಬಂತು, ಮೆಲುಏಟು ಬರಲಿಲ್ಲ. ದುಡ್ಡು ಕಡಿಮೆ ಇದ್ದರೆ ಮೌಸಿಗಿಂತ ಇದೇ ವಾಸಿ.

ಇನ್ನು ರಿದಮ್ ಪ್ಯಾಡ್. ರೋಲ್ಯಾಂಡ್‌ನ ಮೊದಲ ಆಕ್ಟಾಪ್ಯಾಡ್ ಬಂದಿದ್ದು 1985ರಲ್ಲಿ. ನಮ್ಮ ಆರ್ಕೆಸ್ಟ್ರಾಗಳಲ್ಲಿ ಈಗಲೂ ಅದು ಇಲ್ಲದೆ ಸ್ಟೇಜ್ ಇಲ್ಲ. ಎಂಟು ಪ್ಯಾಡ್, ಎರಡು ಕೋಲು, ಹಿಂದೆ ಮಿಡಿ ಔಟ್. ಒಳಗಿರುವ ಸದ್ದು ನನಗೆ ಬೇಡ, ಏಟು ಮಾತ್ರ ಸಾಕು. ಅದನ್ನು ಲ್ಯಾಪ್‌ಟಾಪಿನ ಡ್ರಮ್ ಪ್ಲಗಿನ್‌ಗೆ, ಅಂದರೆ ಡ್ರಮ್ ಸದ್ದು ಕೊಡುವ ಸಾಫ್ಟ್‌ವೇರಿಗೆ, ಕೊಡುತ್ತೇನೆ. ಕೋಲು ಹಿಡಿದ ಕೂಡಲೇ ಅರ್ಧ ಕೆಲಸ ತಾನಾಗಿಯೇ ಆಗುತ್ತದೆ. ಎಡಗೈ ಬಲಗೈಗಿಂತ ಮೆತ್ತಗೆ, ದಣಿದಾಗ ಏಟು ಹಗುರ, ಜೋಶ್ ಬಂದಾಗ ಜೋರು. ನಾನೇನು ದೊಡ್ಡ ವಾದಕನಲ್ಲ. ಅಷ್ಟು ಬೇಕಾಗಿಯೂ ಇಲ್ಲ, ನಿಧಾನ ಟೆಂಪೋದಲ್ಲಿ ರೆಕಾರ್ಡ್ ಮಾಡಿ ಆಮೇಲೆ ವೇಗ ಏರಿಸಬಹುದು.

ತಲೆನೋವು ಒಂದೇ, ಹೈಹ್ಯಾಟ್, ಅಂದರೆ ಪೆಡಲ್ ಒತ್ತಿ ಮುಚ್ಚುವ ಜೋಡಿ ಕಂಚಿನ ತಟ್ಟೆ. ಈ ವಿಷಯ ಯಾರೂ ಮೊದಲೇ ಹೇಳುವುದಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ನಿಜವಾದ ಕಿಟ್ಟಿನಲ್ಲಿ ಹೈಹ್ಯಾಟ್ ಎಷ್ಟು ತೆರೆದಿದೆ ಅನ್ನುವುದು ಕಾಲಿನ ಕೈಯಲ್ಲಿದೆ. ಎಲೆಕ್ಟ್ರಾನಿಕ್ ಕಿಟ್ ಆ ಪೆಡಲಿನ ಸ್ಥಿತಿಯನ್ನು ಸಿಸಿ 4 ಅನ್ನುವ ಬೇರೊಂದು ಮಿಡಿ ಸಂದೇಶದಲ್ಲಿ ಕಳಿಸುತ್ತಲೇ ಇರುತ್ತದೆ. ಪೆಡಲ್ ಸಿಕ್ಕಿಸದ ಪ್ಯಾಡ್ ಬರೀ ನೋಟ್ ನಂಬರ್ ಕಳಿಸುತ್ತದೆ: ಮುಚ್ಚಿದ್ದಕ್ಕೆ 42, ಪೆಡಲಿಗೆ 44, ತೆರೆದದ್ದಕ್ಕೆ 46. ಪ್ಲಗಿನ್ ಸಿಸಿ 4ಕ್ಕೆ ಕಾಯುತ್ತಾ ಕೂತಿದ್ದರೆ, ಅದು ಬಾರದಿದ್ದಾಗ ಪೆಡಲ್ ಬಿಟ್ಟಿದ್ದಾರೆ ಅಂದುಕೊಳ್ಳಬಹುದು. ಆಗ ನೀವು ಮುಚ್ಚಿದ ಹೈಹ್ಯಾಟ್ ಬಾರಿಸಿದರೂ ಹಾಡಿನ ಉದ್ದಕ್ಕೂ ಝಣ್ ಝಣ್ ಅನ್ನುತ್ತಲೇ ಇರುತ್ತದೆ. ನನಗೆ ಆಗಿದ್ದು ಇದೇ.

ಪ್ಲಗಿನ್‌ನ ಮ್ಯಾಪಿಂಗಿನಲ್ಲಿ (ಯಾವ ನಂಬರಿಗೆ ಯಾವ ಸದ್ದು ಅನ್ನುವ ಪಟ್ಟಿ) ಎಲ್ಲ ಕಡೆ ನಡೆಯುವ ಜನರಲ್ ಮಿಡಿ ಆರಿಸಿದರೆ ಈ ಗಲಾಟೆ ನಿಲ್ಲುತ್ತದೆ. 42 ಬಂದ ಕೂಡಲೇ 46ರ ಸದ್ದು ಕತ್ತರಿಸಿ ಹೋಗುತ್ತದೆ. ಹೋಗಲೇಬೇಕು, ಇಲ್ಲದಿದ್ದರೆ ಎರಡು ಜೊತೆ ಹೈಹ್ಯಾಟ್ ಇಟ್ಟುಕೊಂಡ ಡ್ರಮ್ಮರ್ ಥರ ಕೇಳುತ್ತದೆ. ಆದರೆ ಹೊಸ ತೊಂದರೆ ಶುರು. ಈಗ ಇರುವುದು ಪೂರ್ತಿ ಮುಚ್ಚಿದ್ದು, ಪೂರ್ತಿ ತೆರೆದದ್ದು ಎರಡೇ. ಚರಣದಲ್ಲಿ ಬಿಗಿಯಾಗಿದ್ದು ಪಲ್ಲವಿಗೆ ಬಂದಾಗ ಸ್ವಲ್ಪ ಸಡಿಲವಾಗುವ ಆ ನಡುವಿನ ಸದ್ದೇ ಇಲ್ಲ. ನಿಜವಾದ ಡ್ರಮ್ಸ್ ಅನ್ನಿಸುವುದು ಅರ್ಧಪಾಲು ಅದರಿಂದಲೇ, ಅಲ್ವಾ?

ಕೊನೆಗೆ ಕೈಗೆ ಹತ್ತಿದ ಉಪಾಯ ಹೀಗಿದೆ. ಎಂಟು ಪ್ಯಾಡಿನಲ್ಲಿ ಎರಡನ್ನು ಮುಚ್ಚಿದ ಹೈಹ್ಯಾಟಿಗೇ ಕೊಟ್ಟೆ. ಒಂದು ಕೋಲಿನ ತುದಿಯ ಸದ್ದು, ಇನ್ನೊಂದು ಅಂಚಿಗೆ ಹೊಡೆದ ಸದ್ದು. ಒತ್ತು ಬರುವ ಏಟು ಅಂಚಿಗೆ, ಉಳಿದದ್ದು ತುದಿಗೆ. ರೆಕಾರ್ಡ್ ಆದ ಮೇಲೆ ಪಲ್ಲವಿಯ ಅಂಚಿನ ನೋಟ್‌ಗಳನ್ನೆಲ್ಲ ಒಟ್ಟಿಗೆ ಹಿಡಿದು ಪ್ಲಗಿನ್‌ನ ಅರೆತೆರೆದ ಹೈಹ್ಯಾಟಿನ ನೋಟಿಗೆ ಸರಿಸುತ್ತೇನೆ. ಐದು ನಿಮಿಷದ ಕೆಲಸ. ಇದರಿಂದ ರೈಡ್‌ಗೆ (ದೊಡ್ಡ ಸಿಂಬಲ್) ಜಾಗ ಉಳಿಯಲಿಲ್ಲ. ಬೇಕಾದ ಹಾಡಿಗೆ ಸೈಡ್ ಸ್ಟಿಕ್ (ಸ್ನೇರಿನ ಅಂಚಿಗೆ ಕೋಲು ತಾಗಿಸಿದ ಟಕ್ ಸದ್ದು) ತೆಗೆದು ರೈಡ್ ಹಾಕುತ್ತೇನೆ.

ಕಿಕ್ ಮತ್ತು ಸ್ನೇರ್ ಮೊದಲ ಸಲ, ಹೈಹ್ಯಾಟ್ ಎರಡನೇ ಸಲ, ಹೀಗೆ ಮೇಲಿಂದ ಮೇಲೆ ರೆಕಾರ್ಡ್ ಮಾಡುತ್ತೇನೆ. ಆಮೇಲೆ ಟಾಮ್ ಫಿಲ್ ಬರುವ ಕಡೆ ಹೈಹ್ಯಾಟ್ ಅಳಿಸಲೇಬೇಕು. ಡ್ರಮ್ಮರಿಗೆ ಮೂರನೇ ಕೈ ಇಲ್ಲ. ಎಲ್ಲ ಸ್ನೇರ್ ಏಟೂ 127 ಬರುತ್ತಿದ್ದರೆ ಪ್ಯಾಡಿನ ಸೆನ್ಸಿಟಿವಿಟಿ ಇಳಿಸಿ. ಏಟು ಹೊಡೆದ ಮೇಲೆ ಸದ್ದು ತಡವಾಗಿ ಕೇಳಬಾರದು ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರಿನ ಆಡಿಯೋ ಸೆಟ್ಟಿಂಗಿನಲ್ಲಿ ಬಫರ್ 256 ಸ್ಯಾಂಪಲ್ ಅಥವಾ ಅದಕ್ಕಿಂತ ಕಡಿಮೆ ಇರಲಿ.

ಪ್ಲಗಿನ್ ಯಾವುದು ಅಂತ ಕೇಳುವವರಿಗೆ: ಬಿಟ್ಟಿ ಸಿಗುವ ಎಂಟಿ ಪವರ್ ಡ್ರಮ್ ಕಿಟ್ 2ರಲ್ಲೇ ಶುರು ಮಾಡಿ. ಅಡಿಕ್ಟಿವ್ ಡ್ರಮ್ಸ್ 2 ಥರದ ದುಡ್ಡಿನ ಪ್ಲಗಿನ್‌ನಲ್ಲಿ ಒಂದೇ ಬಲದ ಏಟಿಗೂ ಬೇರೆ ಬೇರೆ ಸ್ಯಾಂಪಲ್ (ರೆಕಾರ್ಡ್ ಮಾಡಿಟ್ಟ ನಿಜವಾದ ಏಟಿನ ಸದ್ದು) ಬರುತ್ತವೆ, ಕೋಣೆಯ ಮೈಕ್ ಬೇರೆಯಾಗಿ ಸಿಗುತ್ತದೆ. ವ್ಯತ್ಯಾಸ ಇದೆ, ಆದರೆ ಕೈ ಸರಿ ಇಲ್ಲದಿದ್ದರೆ ಯಾವ ಸ್ಯಾಂಪಲ್ಲೂ ಕಾಪಾಡುವುದಿಲ್ಲ. ಅದಕ್ಕಿಂತ ಜಾಸ್ತಿ ಗುಣ ಕೊಟ್ಟಿದ್ದು ಒಂದು ಶೇಕರ್. ಅದನ್ನು ಮೈಕ್ ಮುಂದೆ ಹಾಡಿನ ಉದ್ದಕ್ಕೂ ಕೈಯಲ್ಲೇ ಆಡಿಸಿ ಸೇರಿಸುತ್ತೇನೆ. ಒಂದು ನಿಜವಾದ ಸದ್ದು ಒಳಗೆ ಬಂದರೆ ಕಿವಿ ಉಳಿದದ್ದನ್ನೂ ನಂಬುತ್ತದೆ. ಖಂಜಿರ ಇದ್ದರೆ ಇನ್ನೂ ಚೆಂದ.

ಹೊಸ ಪ್ಯಾಡ್ ಕೊಳ್ಳುವ ದುಡ್ಡಿನಲ್ಲಿ ಒಳ್ಳೆಯ ಪ್ಲಗಿನ್, ಗ್ರೂವ್ ಪ್ಯಾಕ್ ಎರಡೂ ಬರುತ್ತವೆ. ವರ್ಷಕ್ಕೆ ಒಂದೆರಡು ಹಾಡು ಮಾಡುವವರು ಹಾಗೇ ಮಾಡಿ. ನನ್ನ ಥರ ವಾರಾವಾರ ಕೂರುವವರು, 4/4 ಬಿಟ್ಟು ಬೇರೆ ತಾಳದಲ್ಲಿ ಹಾಡು ಕಟ್ಟುವವರು ಸೆಕೆಂಡ್ ಹ್ಯಾಂಡ್ ಪ್ಯಾಡ್ ಹುಡುಕಿ, ಯುಎಸ್‌ಬಿ ಇಲ್ಲದಿದ್ದರೂ ಮಿಡಿ ಔಟ್ ಕೆಲಸ ಮಾಡಿದರೆ ಸಾಕು. ಕೊಳ್ಳುವ ಮುಂಚೆ ಆರ್ಕೆಸ್ಟ್ರಾದವರ ಹತ್ತಿರ ಎರಡು ದಿನಕ್ಕೆ ಕೇಳಿ ತಂದು ನೋಡಿ. ಆಷಾಢದಲ್ಲಿ ಕೇಳಿದರೆ ಕೊಡುತ್ತಾರೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದ ತನಕ ಫೋನೇ ಎತ್ತುವುದಿಲ್ಲ.