ಮಣಿಪುರದ ಕಪ್ಪಕ್ಕಿ: ಬಣ್ಣ ಬಿಟ್ಟ ನೀರನ್ನು ಚೆಲ್ಲಬೇಡಿ

ಮೈಸೂರಿನ ಸಾವಯವ ಮಳಿಗೆಯೊಂದರಲ್ಲಿ ಅರ್ಧ ಕಿಲೋಗೆ 140 ರೂಪಾಯಿ ಕೊಟ್ಟು ತಂದ ಮಣಿಪುರದ ಚಾಕ್ ಹಾವೊ ಕಪ್ಪಕ್ಕಿಯನ್ನು ಕೆಲವು ತಿಂಗಳುಗಳಿಂದ ನಮ್ಮ ಮನೆಯಲ್ಲಿ ಬಳಸುತ್ತಿದ್ದೇವೆ. ಅಕ್ಕಿ ನಿಜಕ್ಕೂ ಒಳ್ಳೆಯದು. ಅದರ ಪೊಟ್ಟಣದ ಮೇಲೆ ಅಚ್ಚು ಹಾಕಿರುವ ಅಡುಗೆಯ ವಿಧಾನ ಮಾತ್ರ ಆ ಅಕ್ಕಿಗೆ ತಕ್ಕದ್ದಲ್ಲ. ನಾಲ್ಕೈದು ಸಲ ಚೆನ್ನಾಗಿ ಉಜ್ಜಿ ತೊಳೆಯಿರಿ, ಹೆಚ್ಚು ನೀರಿನಲ್ಲಿ ಇಪ್ಪತ್ತು ನಿಮಿಷ ಬೇಯಿಸಿ, ನೀರು ಬಸಿದು ಬಡಿಸಿ ಎಂದು ಅದರಲ್ಲಿ ಬರೆದಿದೆ. ಹಾಗೆ ಮಾಡಿದರೆ ಹೊರಗೆ ಮೆತ್ತಗಾಗಿ ಒಳಗೆ ಕಾಳುಕಾಳಾಗಿಯೇ ಉಳಿಯುವ ಅನ್ನ ಸಿಗುತ್ತದೆ, ಮತ್ತು ಯಾವುದಕ್ಕಾಗಿ ಇಷ್ಟು ದುಡ್ಡು ಕೊಟ್ಟೆವೋ ಅದರ ಬಹುಪಾಲು ಸಿಂಕಿನಲ್ಲಿ ಹರಿದುಹೋಗುತ್ತದೆ. ಆದ್ದರಿಂದ ಈ ಅಕ್ಕಿಯ ಗುಣದೋಷಗಳನ್ನು ಹೇಳುವಾಗ ಅದನ್ನು ಬೇಯಿಸುವ ಬಗೆಯನ್ನೂ ಹೇಳದೆ ವಿಮರ್ಶೆ ಪೂರ್ತಿಯಾಗುವುದಿಲ್ಲ.

ಚಾಕ್ ಹಾವೊ ಮಣಿಪುರದಲ್ಲಿ ತಲೆತಲಾಂತರದಿಂದ ಬೆಳೆಯುತ್ತಿರುವ ಸುವಾಸನೆಯ, ಅಂಟು ಗುಣದ ಕಪ್ಪಕ್ಕಿ. ಅಲ್ಲಿ ಹಬ್ಬದೂಟಕ್ಕೂ ಸಮುದಾಯದ ಔತಣಗಳಿಗೂ ಇದರ ಖೀರು ಬೇಕೇ ಬೇಕು. 2020ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ನಾವು ತಂದದ್ದು ಹೊಟ್ಟನ್ನು ಮಾತ್ರ ತೆಗೆದು ತವುಡನ್ನು ಹಾಗೆಯೇ ಉಳಿಸಿಕೊಂಡ ಇಡಿಧಾನ್ಯ; ಕಪ್ಪಕ್ಕಿಯನ್ನು ಕೊಳ್ಳುವುದಾದರೆ ಹೀಗೆಯೇ ಕೊಳ್ಳಬೇಕು, ಏಕೆಂದರೆ ಬಣ್ಣವೆಲ್ಲ ಇರುವುದು ತವುಡಿನ ಆ ತೆಳುವಾದ ಪದರದಲ್ಲಿ. ಒಂದು ಕಾಳನ್ನು ಉಗುರಿನ ಮೇಲಿಟ್ಟು ಚಾಕುವಿನಿಂದ ಅಡ್ಡಲಾಗಿ ಕತ್ತರಿಸಿದರೆ, ಕಾಡಿಗೆಯಂತೆ ಕಪ್ಪಾದ ಅಂಚಿನೊಳಗೆ ಹಾಲುಬಿಳುಪಿನ ತಿರುಳು ಕಾಣುತ್ತದೆ. ಆ ಅಂಚು ಎಷ್ಟು ತೆಳುವೆಂದರೆ, ಅಕ್ಕಿಯನ್ನು ಪೂರ್ತಿ ಪಾಲಿಶ್ ಮಾಡಿಸಿದರೆ ಉಳಿಯುವುದು ಬರೀ ಬಿಳಿ ಅಕ್ಕಿ. ಪೊಟ್ಟಣದಲ್ಲಿ ಕಲ್ಲಾಗಲಿ ಮಣ್ಣಾಗಲಿ ಸಿಗಲಿಲ್ಲ. ಅಲ್ಲಲ್ಲಿ ಕಂದು ಬಣ್ಣದ ಕಾಳುಗಳೂ ಒಂದಷ್ಟು ನುಚ್ಚೂ ಇದ್ದವು. ಕೈಯಲ್ಲಿ ಹಿಡಿದು ಮೂಸಿದರೆ ಹುರಿದ ಎಳ್ಳಿಗೆ ಹತ್ತಿರದ ಪರಿಮಳವಿತ್ತು, ಮುಗ್ಗಲು ವಾಸನೆ ಇರಲಿಲ್ಲ.

ಮಳಿಗೆಗಳಲ್ಲಿ ‘ಕಪ್ಪು ಅಕ್ಕಿ’ ಎಂಬ ಒಂದೇ ಹಲಗೆಯ ಕೆಳಗೆ ಬೇರೆ ಬೇರೆ ಅಕ್ಕಿಗಳನ್ನು ಇಟ್ಟಿರುವುದನ್ನು ನೋಡಿದ್ದೇನೆ. ನಮ್ಮ ಕರ್ನಾಟಕದ ಕರಿಗಜವಿಲಿಯ ಹೊಟ್ಟು ಕಪ್ಪು, ಒಳಗಿನ ಅಕ್ಕಿ ಕೆಂಪು. ಕೇರಳದ ನವರ ಭತ್ತದಲ್ಲೂ ಕಪ್ಪು ಹೊಟ್ಟಿನ ತಳಿಯೊಂದಿದೆ, ಅದರ ಅಕ್ಕಿಯೂ ಕೆಂಪೇ. ಬಾಣಂತಿಯರಿಗೆ ಕೊಡುವ, ಔಷಧಿಗೆ ಬಳಸುವ ಆ ಅಕ್ಕಿಗಳ ಹಿರಿಮೆ ಬೇರೆ. ಅವನ್ನು ಕಪ್ಪಕ್ಕಿಯೆಂದು ಮಾರುವುದು ಸರಿಯಲ್ಲ. ತಮಿಳುನಾಡಿನ ಕರುಪ್ಪು ಕವುನಿಯಾದರೋ ಅಕ್ಕಿಯೇ ಕಪ್ಪಾಗಿರುವ ತಳಿ, ಚೆಟ್ಟಿನಾಡಿನ ಮದುವೆಮನೆಗಳಲ್ಲಿ ಅದರ ಸಿಹಿಗೆ ಮೊದಲ ಸ್ಥಾನ. ಮುಂದೆ ಹೇಳುವ ವಿಧಾನ ಕವುನಿಗೂ ಹೊಂದುತ್ತದೆ, ನೀರು ತುಸು ಹೆಚ್ಚು ಬೇಕಾಗಬಹುದು ಅಷ್ಟೆ. ಬಣ್ಣ ಹಚ್ಚಿದ ಅಕ್ಕಿಯಿರಬಹುದೆಂಬ ಅನುಮಾನ ಬಂದರೆ ಆಗಲೇ ಹೇಳಿದಂತೆ ಕಾಳನ್ನು ಕತ್ತರಿಸಿ ನೋಡಿ, ಜೊತೆಗೆ ನೆನೆಸಿದ ನೀರನ್ನು ಒಂದು ಚಮಚ ತೆಗೆದು ಅದಕ್ಕೆ ನಿಂಬೆರಸ ಹಿಂಡಿ. ನೇರಳೆಯಾಗಿದ್ದ ನೀರು ಕೆಂಪಿಗೆ ತಿರುಗಬೇಕು.

ಹೀಗೆ ತಿರುಗುವುದಕ್ಕೆ ಕಾರಣ ಆಂಥೋಸಯಾನಿನ್ ಎಂಬ ವರ್ಣದ್ರವ್ಯ. ನೇರಳೆ ಹಣ್ಣು ತಿಂದಾಗ ನಾಲಿಗೆಗೆ ಹತ್ತುವ ಬಣ್ಣವೂ ಇದೇ ಗುಂಪಿನದು. ಇದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಹುಳಿಯಲ್ಲಿ ಕೆಂಪಾಗುತ್ತದೆ, ಕ್ಷಾರದಲ್ಲಿ ನೀಲಿಗೆ ವಾಲುತ್ತದೆ. ಈ ಮೂರು ಸಂಗತಿಗಳನ್ನು ತಿಳಿದವರಿಗೆ ಕಪ್ಪಕ್ಕಿಯ ಅಡುಗೆಯ ಮುಕ್ಕಾಲು ಪಾಲು ತಿಳಿದಂತೆಯೇ. ನೀರಿನಲ್ಲಿ ಕರಗುವುದನ್ನು ಉಜ್ಜಿ ಉಜ್ಜಿ ತೊಳೆಯಬಾರದು. ಕರಾವಳಿಯಲ್ಲಿ ಕುಚ್ಚಲಕ್ಕಿಯನ್ನು ದೊಡ್ಡ ಪಾತ್ರೆಯ ತುಂಬ ನೀರಿಟ್ಟು ಬೇಯಿಸಿ ಬಸಿಯುತ್ತಾರಲ್ಲ, ಆ ಪದ್ಧತಿ ಕುಚ್ಚಲಕ್ಕಿಗೆ ಎಷ್ಟು ಸೊಗಸೋ ಇದಕ್ಕೆ ಅಷ್ಟೇ ನಷ್ಟ. ಧೂಳು ಹೋಗುವಷ್ಟು ಒಂದು ಸಲ, ಹೆಚ್ಚೆಂದರೆ ಎರಡು ಸಲ, ನೀರು ಹಾಕಿ ಕೂಡಲೇ ಚೆಲ್ಲಿದರೆ ಸಾಕು.

ಆಮೇಲೆ ನೆನೆಹಾಕಬೇಕು. ಒಂದು ಲೋಟ ಅಕ್ಕಿಗೆ ಎರಡು ಲೋಟ ಕುಡಿಯುವ ನೀರು ಹಾಕಿ ರಾತ್ರಿ ಮಲಗುವ ಮುಂಚೆ ಮುಚ್ಚಿಡಿ. ಎಂಟು ಗಂಟೆ ನೆನೆದ ಕಾಳು ಉಬ್ಬಿ, ಉಗುರಿನಿಂದ ಒತ್ತಿದರೆ ಮುರಿಯುವಂತಾಗಿರುತ್ತದೆ, ನೀರು ಗಾಢ ನೇರಳೆಯಾಗಿರುತ್ತದೆ. ಬೇಯಿಸುವುದು ಅದೇ ನೀರಿನಲ್ಲಿ. ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದೊಂದನ್ನೇ. ಬೇಸಿಗೆಯಲ್ಲಿ ರಾತ್ರಿಯಿಡೀ ಹೊರಗಿಟ್ಟ ನೀರು ಹುಳಿ ಬರುವ ಸಂಭವವಿರುವುದರಿಂದ ಪಾತ್ರೆಯನ್ನು ಫ್ರಿಜ್ಜಿನಲ್ಲಿಡುವುದು ಲೇಸು. ನೆನೆಸುವುದಕ್ಕೆ ಹೊತ್ತಿಲ್ಲದವರು ಬಿಸಿನೀರಿನಲ್ಲಿ ಎರಡು ಗಂಟೆಯಾದರೂ ಇಡಬೇಕು. ನೆನೆಸದೆಯೇ ಬೇಯಿಸಲು ಬರುವುದಿಲ್ಲವೆಂದಲ್ಲ, ಆದರೆ ಗ್ಯಾಸೂ ಸಹನೆಯೂ ಇಮ್ಮಡಿ ಖರ್ಚಾಗುತ್ತವೆ.

ಕುಕ್ಕರಿನಲ್ಲಿ ಮಾಡುವವರು ನೆನೆಸಿದ ಅಕ್ಕಿಯನ್ನು ನೀರಿನ ಸಮೇತ ಸುರಿದು, ಕಾಲು ಚಮಚ ಉಪ್ಪನ್ನೂ ಒಂದು ಚಮಚ ತುಪ್ಪ ಅಥವಾ ಎಣ್ಣೆಯನ್ನೂ ಹಾಕಬೇಕು. ತುಪ್ಪ ರುಚಿಗೆ ಮಾತ್ರವಲ್ಲ. ಅಂಟು ಗುಣದ ಈ ಅಕ್ಕಿ ಕುದಿಯುವಾಗ ನೊರೆಯುಕ್ಕಿಸಿಕೊಂಡು ವಿಷಲ್ಲಿನ ರಂಧ್ರದವರೆಗೂ ಏರುತ್ತದೆ, ಕೊಬ್ಬಿನಂಶವಿದ್ದರೆ ಆ ನೊರೆ ತಗ್ಗುತ್ತದೆ. ಕುಕ್ಕರಿನ ಅರ್ಧಕ್ಕಿಂತ ಹೆಚ್ಚು ತುಂಬಬಾರದೆಂಬುದೂ ಇದಕ್ಕಾಗಿಯೇ. ನೇರಳೆ ನೀರು ಸಿಡಿದು ಒಲೆಯ ಹಿಂದಿನ ಬಿಳಿ ಟೈಲ್ಸಿಗೆ ಹತ್ತಿದರೆ ಆಗಲೇ ಒರೆಸಿಬಿಡಿ. ಹತ್ತಿ ಬಟ್ಟೆಗೆ ಹತ್ತಿದ ಕಲೆಯಂತೂ ಸುಲಭಕ್ಕೆ ಹೋಗುವುದಿಲ್ಲ. ದೊಡ್ಡ ಉರಿಯಲ್ಲಿ ಒಂದು ವಿಷಲ್ ಕೂಗಿಸಿ, ಉರಿಯನ್ನು ಪೂರ್ತಿ ತಗ್ಗಿಸಿ ಹದಿನೈದರಿಂದ ಇಪ್ಪತ್ತು ನಿಮಿಷ ಬಿಡಿ. ವಿಷಲ್ ಎಣಿಸಿಕೊಂಡು ಇಳಿಸುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ತವುಡಿನ ಪದರವನ್ನು ದಾಟಿ ನೀರು ಒಳಗಿಳಿಯುವುದಕ್ಕೆ ಜೋರು ಉರಿಗಿಂತ ಹೊತ್ತು ಮುಖ್ಯ. ಒಲೆ ಆರಿಸಿದ ಮೇಲೆ ಆವಿ ತಾನಾಗಿ ಇಳಿಯುವವರೆಗೆ ಮುಚ್ಚಳ ತೆಗೆಯಬಾರದು. ತೆಗೆದಾಗ ತಳದಲ್ಲಿ ಒಂದಿಷ್ಟು ಗಟ್ಟಿ ನೇರಳೆ ತಿಳಿ ನಿಂತಿದ್ದರೆ ಗಾಬರಿ ಬೇಡ. ಸೌಟಿನಿಂದ ಮೆಲ್ಲಗೆ ಕೆದಕಿ ಹತ್ತು ನಿಮಿಷ ಮುಚ್ಚಿಟ್ಟರೆ ಅನ್ನವೇ ಅದನ್ನು ಹೀರಿಕೊಳ್ಳುತ್ತದೆ. ಒಂದು ಲೋಟ ಅಕ್ಕಿ ಸುಮಾರು ಎರಡೂವರೆ ಲೋಟ ಅನ್ನವಾಗುತ್ತದೆ. ಅಗಿಯುವುದಕ್ಕೆ ಹೊತ್ತು ಹಿಡಿಯುವುದರಿಂದ ಮೂರು ಜನಕ್ಕೆ ಸಾಲುತ್ತದೆ.

ಪಾತ್ರೆಯಲ್ಲಿ ಬೇಯಿಸುವುದಾದರೆ ಒಂದಕ್ಕೆ ಮೂರರಷ್ಟು ನೀರು, ದಪ್ಪ ತಳ, ಬಿಗಿ ಮುಚ್ಚಳ ಮತ್ತು ಸಣ್ಣ ಉರಿಯಲ್ಲಿ ನಲವತ್ತರಿಂದ ನಲವತ್ತೈದು ನಿಮಿಷ ಬೇಕು. ನನಗೆ ಈ ಬಗೆಯೇ ಹೆಚ್ಚು ಇಷ್ಟ, ಏಕೆಂದರೆ ಹದವನ್ನು ಕಣ್ಣಾರೆ ನೋಡಬಹುದು. ಮೊದಲು ಕಾಳಿನ ತುದಿ ಬಿರಿದು ಒಳಗಿನ ತಿರುಳು ಇಣುಕುತ್ತದೆ. ಆ ತಿರುಳು ಬಿಳಿಯಾಗಿ ಉಳಿಯದೆ ತಾನೂ ನೇರಳೆಯಾದಾಗ ಅನ್ನ ಬೆಂದಿದೆಯೆಂದು ತಿಳಿಯಬೇಕು. ಎರಡು ಬೆರಳ ನಡುವೆ ಹಿಸುಕಿದರೆ ಒಳಗೆ ಗಂಟು ಸಿಗಬಾರದು, ಸಿಪ್ಪೆ ಮಾತ್ರ ತುಸು ಬಿಗಿಯಾಗಿರಬೇಕು. ಸೋನಾ ಮಸೂರಿಯ ಹಾಗೆ ಮಲ್ಲಿಗೆ ಹೂವಿನಂತಹ ಅನ್ನವನ್ನು ನಿರೀಕ್ಷಿಸುವವರಿಗೆ ಇದು ಬೆಂದೇ ಇಲ್ಲವೆನ್ನಿಸುವುದು ಸಹಜ. ಹೆಚ್ಚು ಹೊತ್ತು ಬೇಯಿಸಿದರೂ ಆ ಬಿಗಿ ಹೋಗುವುದಿಲ್ಲ, ಒಳಗಿನ ತಿರುಳು ಮಾತ್ರ ಅಂಟಾಗಿ ಮುದ್ದೆಯಾಗುತ್ತದೆ. ಬೇಗ ಬೇಯಲೆಂದು ಕಡಲೆಗೆ ಹಾಕುವ ಹಾಗೆ ಅಡುಗೆ ಸೋಡಾ ಹಾಕುವ ಯೋಚನೆ ಬೇಡ. ಕ್ಷಾರ ತಗುಲಿದ ಕೂಡಲೇ ಬಣ್ಣ ನೀಲಿಗಟ್ಟಿ ಮಂಕಾಗುತ್ತದೆ, ರುಚಿಯೂ ಸಾಬೂನಿನತ್ತ ಹೋಗುತ್ತದೆ.

ಯಾವುದರೊಂದಿಗೆ ಉಣ್ಣಬೇಕು ಎಂಬಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಸಾಂಬಾರಿಗೆ ಇದು ಹೊಂದುವುದಿಲ್ಲ: ಸಾರಿನ ಹುಳಿ ಖಾರಗಳ ಮುಂದೆ ಅಕ್ಕಿಯ ಪರಿಮಳ ಅಡಗಿಹೋಗುತ್ತದೆ, ಸಿಪ್ಪೆಯಿರುವುದರಿಂದ ರಸವನ್ನೂ ಅದು ಬಿಳಿ ಅನ್ನದಷ್ಟು ಹೀರುವುದಿಲ್ಲ. ಮೊಸರನ್ನಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯ ಅಕ್ಕಿಯನ್ನು ನಾನು ಕಂಡಿಲ್ಲ. ತಣಿದ ಅನ್ನಕ್ಕೆ ಹುಳಿಯಿಲ್ಲದ ಮೊಸರು ಕಲಸಿ, ಸಾಸಿವೆ, ಶುಂಠಿ, ಹಸಿಮೆಣಸಿನಕಾಯಿಯ ಒಗ್ಗರಣೆ ಹಾಕಿ ದಾಳಿಂಬೆ ಕಾಳು ಉದುರಿಸಿದರೆ, ತಿಳಿ ಗುಲಾಬಿ ನೇರಳೆಯ ಆ ಅನ್ನವನ್ನು ಮಕ್ಕಳೂ ಕೇಳಿ ಹಾಕಿಸಿಕೊಳ್ಳುತ್ತಾರೆ. ಚಿತ್ರಾನ್ನವೂ ಚೆನ್ನ, ಅರಿಶಿನದ ಬಣ್ಣ ಇಲ್ಲಿ ಕಾಣುವುದಿಲ್ಲ, ಆದರೆ ನಿಂಬೆರಸ ಬಿದ್ದೊಡನೆ ಅನ್ನ ಕೆಂಪೇರುವುದನ್ನು ನೋಡುವುದೇ ಒಂದು ಸಂತೋಷ.

ಆದರೂ ಈ ಅಕ್ಕಿಯ ನಿಜವಾದ ಯೋಗ್ಯತೆ ತಿಳಿಯುವುದು ಸಿಹಿಯಲ್ಲಿ. ಮಣಿಪುರದವರ ಖೀರಿನಲ್ಲಿ ಹಾಲು, ಸಕ್ಕರೆ, ಏಲಕ್ಕಿಗಳ ಜೊತೆ ಪಲಾವ್ ಎಲೆಯೂ ಬೀಳುತ್ತದೆ. ಅಕ್ಕಿಯನ್ನು ನೇರವಾಗಿ ಹಾಲಿನಲ್ಲಿ ಬೇಯಲು ಇಡಬಾರದು. ಕಾಳು ಮೆತ್ತಗಾಗುವ ಮುಂಚೆಯೇ ಹಾಲು ಗಟ್ಟಿಯಾಗಿ ತಳ ಹತ್ತುತ್ತದೆ. ನೀರಿನಲ್ಲಿ ಪೂರ್ತಿ ಬೆಂದ ಮೇಲೆ ಅರ್ಧ ಲೋಟ ಅಕ್ಕಿಗೆ ಒಂದು ಲೀಟರಿನ ಲೆಕ್ಕದಲ್ಲಿ ಹಾಲು ಹಾಕಿ, ಸೌಟಿನ ಬೆನ್ನಿನಿಂದ ಒಂದಿಷ್ಟು ಕಾಳುಗಳನ್ನು ಪಾತ್ರೆಯ ಗೋಡೆಗೆ ಒತ್ತಿ ಮಸೆಯುತ್ತ ಅರ್ಧ ಗಂಟೆ ಕುದಿಸಿದರೆ ಖೀರು ತಾನಾಗಿಯೇ ಮಂದವಾಗುತ್ತದೆ. ಸಕ್ಕರೆ ಕೊನೆಗೆ, ಮೊದಲೇ ಬಿದ್ದರೆ ಕಾಳು ಮತ್ತೆ ಮೆತ್ತಗಾಗುವುದಿಲ್ಲ. ನಮ್ಮ ಮನೆಯಲ್ಲಿ ಹಸುವಿನ ಹಾಲಿನ ಬದಲು ತೆಂಗಿನಹಾಲೂ ಜೋನಿಬೆಲ್ಲವೂ ಹಾಕಿದ ಪಾಯಸಕ್ಕೆ ಹೆಚ್ಚು ಮತ ಬಿತ್ತು. ಬೆಲ್ಲ ಹಾಕಿದಾಗ ಹಾಲು ಒಡೆಯುವ ಭಯವೂ ಅದರಲ್ಲಿ ಇಲ್ಲ. ದಪ್ಪ ತೆಂಗಿನಹಾಲನ್ನು ಒಲೆಯಿಂದ ಇಳಿಸಿದ ಮೇಲೆ ಬೆರೆಸಬೇಕು, ಅಷ್ಟೇ.

ಪೊಟ್ಟಣದ ಹಿಂಬದಿಯಲ್ಲಿ ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರ್ ಎಲ್ಲಕ್ಕೂ ಇದು ಮದ್ದೆಂಬಂತೆ ಬರೆದಿರುವುದನ್ನು ನಾನು ಒಪ್ಪುವುದಿಲ್ಲ. ತವುಡು ಉಳಿದಿರುವುದರಿಂದ ನಾರಿನಂಶ ಬಿಳಿ ಅಕ್ಕಿಗಿಂತ ಹೆಚ್ಚು, ಆಂಥೋಸಯಾನಿನ್ ಒಳ್ಳೆಯ ಉತ್ಕರ್ಷಣ ನಿರೋಧಕ, ಇವೆರಡೂ ನಿಜ. ಬೇಯಿಸುವಾಗ ಶಾಖಕ್ಕೆ ಆ ವರ್ಣದ್ರವ್ಯದ ಒಂದಷ್ಟು ಭಾಗ ನಾಶವಾಗುವುದೂ ಅಷ್ಟೇ ನಿಜ. 100 ಗ್ರಾಂ ಹಸಿ ಅಕ್ಕಿಯಲ್ಲಿ ಸುಮಾರು 350 ಕಿಲೋ ಕ್ಯಾಲೊರಿ ಇರುವುದರಲ್ಲಿ ಇದಕ್ಕೂ ಬಿಳಿ ಅಕ್ಕಿಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ಮಧುಮೇಹವಿರುವವರು ಕಪ್ಪಕ್ಕಿಯೆಂದು ಅಳತೆ ಬಿಟ್ಟು ಉಣ್ಣಬಾರದು. ವೈದ್ಯರ ಮಾತಿಗೆ ಬದಲಾಗಿ ಪೊಟ್ಟಣದ ಮಾತನ್ನು ನಂಬುವವರು ನಮ್ಮಲ್ಲಿ ಇರುವುದರಿಂದಲೇ ಇಷ್ಟು ಹೇಳಬೇಕಾಯಿತು.

ಬೆಲೆ ಕಿಲೋಗೆ 280 ರೂಪಾಯಿ ಬಿದ್ದಂತಾಯಿತು. ದಿನನಿತ್ಯದ ಅನ್ನಕ್ಕೆ ಇದು ಎಟುಕುವ ಬೆಲೆಯಲ್ಲ, ವಾರಕ್ಕೊಮ್ಮೆ ಮಾಡುವ ಮೊಸರನ್ನಕ್ಕೋ ಹಬ್ಬದ ಪಾಯಸಕ್ಕೋ ಧಾರಾಳವಾಗಿ ಕೊಡಬಹುದು. ಕೊಳ್ಳುವಾಗ ಪ್ಯಾಕ್ ಮಾಡಿದ ತಾರೀಖನ್ನು ನೋಡದೆ ಕೊಳ್ಳಬೇಡಿ. ತವುಡಿನಲ್ಲಿ ಎಣ್ಣೆಯಂಶವಿರುವುದರಿಂದ ಇಡಿಧಾನ್ಯದ ಅಕ್ಕಿ ಬಿಳಿ ಅಕ್ಕಿಯಷ್ಟು ಕಾಲ ಬಾಳುವುದಿಲ್ಲ, ಹಳತಾದರೆ ಕಮಟು ವಾಸನೆ ಹಿಡಿಯುತ್ತದೆ, ಮತ್ತು ಆ ವಾಸನೆ ಬೇಯಿಸಿದಾಗ ಇನ್ನಷ್ಟು ಏಳುತ್ತದೆ. ನಾವು ತಂದ ದಿನವೇ ಗಾಳಿಯಾಡದ ಡಬ್ಬಿಗೆ ಸುರಿದು ಫ್ರಿಜ್ಜಿನಲ್ಲಿಟ್ಟದ್ದರಿಂದ ಕೊನೆಯ ಲೋಟದವರೆಗೂ ಪರಿಮಳ ಉಳಿಯಿತು, ಹುಳುವೂ ಬೀಳಲಿಲ್ಲ. ಹಲ್ಲು ಗಟ್ಟಿಯಿಲ್ಲದ ಹಿರಿಯರಿರುವ ಮನೆಯವರು ಇಡೀ ಕಾಳಿನ ಬದಲು ಅಕ್ಕಿಯನ್ನು ಹುರಿದು ಮಿಕ್ಸಿಯಲ್ಲಿ ನುಚ್ಚು ಮಾಡಿಕೊಂಡು, ಒಂದಕ್ಕೆ ಆರರಷ್ಟು ನೀರಿನಲ್ಲಿ ಗಂಜಿ ಕಾಯಿಸಿ, ಉಪ್ಪು ಮಜ್ಜಿಗೆ ಬೆರೆಸಿ ಕೊಡಬಹುದು. ನುಚ್ಚಿಗೆ ರಾತ್ರಿಯಿಡೀ ನೆನೆಸುವ ಅಗತ್ಯವಿಲ್ಲ, ಅರ್ಧ ಗಂಟೆ ಸಾಕು.