ದುಃಸ್ವಪ್ನಕ್ಕೆ ಚಿಕಿತ್ಸೆ: ಕಾಸರಗೋಡಿನ ಒಂದು ನಿದ್ರಾ ಚಿಕಿತ್ಸಾಲಯ

ಚಂದ್ರಗಿರಿ ಹೊಳೆಯ ನೆರೆನೀರು ಮನೆಯೊಳಗೆ ನುಗ್ಗುವ ಒಂದೇ ಕನಸಿನಿಂದ ಮಳೆಗಾಲವಿಡೀ ಬೆಚ್ಚಿ ಏಳುತ್ತಿದ್ದ ನನಗೆ ಈ ಚಿಕಿತ್ಸಾಲಯದಲ್ಲಿ ದೊರೆತ ಮೊದಲ ಸಮಾಧಾನವೆಂದರೆ, ವೈದ್ಯೆ ಅದನ್ನು ಪೂರ್ತಿಯಾಗಿ ಕನ್ನಡದಲ್ಲೇ ಕೇಳಿಸಿಕೊಂಡದ್ದು. ಗಡಿನಾಡಿನಲ್ಲಿ ಇದು ಸಣ್ಣ ಮಾತಲ್ಲ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ವರದಿ ಮಾಡಿದ, ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗಳು ವೇಗವಾಗಿ ಚಲಿಸುವ ನಿದ್ರೆಯ ಹಂತದಲ್ಲೇ ಕನಸುಗಳು ಹೆಚ್ಚು, ಆ ಹಂತ ರಾತ್ರಿಯ ಕೊನೆಯ ಭಾಗದಲ್ಲಿ ದೀರ್ಘವಾಗುವುದರಿಂದ ದುಃಸ್ವಪ್ನಗಳು ಹೆಚ್ಚಾಗಿ ಬೆಳಗಿನ ಜಾವದಲ್ಲಿ ಬೀಳುತ್ತವೆ ಎಂದು ವೈದ್ಯೆ ಚಿತ್ರ ಬರೆದು ವಿವರಿಸಿದರು. ಮಾತ್ರೆ ಕೊಡದೆ, ಕನಸಿನ ಕೊನೆಯನ್ನು ಬೇಕಾದಂತೆ ಬದಲಿಸಿ ಬರೆದು, ಹಗಲಿನಲ್ಲಿ ದಿನವೂ ಸ್ವಲ್ಪ ಹೊತ್ತು ಅದನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಲು ಹೇಳಿದರು. ನಾನು ಆ ನೀರಿಗೆ ದೋಣಿಯೊಂದನ್ನು ತಂದೆ. ಕನಸು ಈಗ ಅಪರೂಪವಾಗಿದೆ. ನಿದ್ದೆಗೆ ಹೆದರುವವರು ಇಲ್ಲಿಗೆ ಖಂಡಿತ ಹೋಗಬೇಕು. ಸಂಜೆ ಸರದಿ ಉದ್ದವಿರುವುದರಿಂದ ಬೆಳಿಗ್ಗೆಯೇ ಒಳ್ಳೆಯದು.